ಮಿಡಿ ಕೊಳ್ಳೋದಕ್ಕೆ ಷೇರು ಮಾರಬೇಡ ಪುಟ್ಟಿ

ಸಾಗರ
ಶಿವರಾತ್ರಿಯ ಮರುದಿನ

ಚಿ. ಪುಟ್ಟಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಉಭಯ ಕುಶಲೋಪರಿ. ನಿನ್ನ ಉಪ್ಪಿನಕಾಯಿ ಕಂಪನಿಗೆ 2 ಕೋಟಿ ಹಾಕಲು ಬಂದ ಹೂಡಿಕೆ ಫಂಡಿನವರ ಷರತ್ತಿನ ಕಾಗದ, ಅಂದರೆ ನೀನು ವಾಟ್ಸಾಪಿನಲ್ಲಿ ಕಳಿಸಿದ ಟರ್ಮ್ ಶೀಟನ್ನು ಫೋನಿನಲ್ಲಿ ಓದಲು ನನ್ನ ಕಣ್ಣು ಒಪ್ಪಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆ. ಹನ್ನೊಂದು ಪುಟ. ಅಂಗಡಿಯ ಹುಡುಗ ಮೊದಲ ಪುಟದ ಅಂಕಿ ನೋಡಿ, ‘ತೋಟ ಮಾರ್ತಾ ಇದೀರಾ ಅಂಕಲ್?’ ಅಂದ. ನಕ್ಕು ಬಂದೆ. ಓದಿ ಮುಗಿಸುವ ಹೊತ್ತಿಗೆ, ಅವನೇನು ತೀರಾ ತಪ್ಪು ಕೇಳಲಿಲ್ಲ ಅನ್ನಿಸಿತು.

‘ಶುಕ್ರವಾರದೊಳಗೆ ಸಹಿ ಬೇಕಂತೆ ಮಾವ, ಹೂಂ ಅಥವಾ ಉಹುಂ ಅಷ್ಟು ಹೇಳು ಸಾಕು’ ಅಂತ ಬರೆದಿದ್ದೀಯ. ಎರಡೂ ಹೇಳುವುದಿಲ್ಲ. ಆ ಹಣ ಬರುವ ದಾರಿಯನ್ನು ನೀನು ಚೆನ್ನಾಗಿ ಓದಿಕೊಂಡಿದ್ದೀಯ, ಹೋಗುವ ದಾರಿಯನ್ನು ಓದಿಲ್ಲ. ನಾನೂ ಓದಿರಲಿಲ್ಲ. ಆ ಕತೆ ನಿನ್ನ ಅಮ್ಮನಿಗೆ ಅರ್ಧ ಗೊತ್ತು, ನಿನ್ನ ಅತ್ತೆಗೆ ಪೂರ್ತಿ ಗೊತ್ತು. ಇವತ್ತು ನಿನಗೂ ಹೇಳಿಬಿಡುತ್ತೇನೆ.

ನಾನೂ ನನ್ನ ಪಾರ್ಟ್ನರೂ ಪೀಣ್ಯದಲ್ಲಿ ಶೆಡ್ ಹಾಕಿಕೊಂಡು ಪ್ಯಾಕಿಂಗ್ ಮೆಷಿನ್ ಮಾಡುತ್ತಿದ್ದೆವಲ್ಲ, ಆಗ ಒಬ್ಬ ಹೂಡಿಕೆದಾರರು ಬಂದರು. ಹೆಸರು ಬೇಡ. ಅವರು ಮೋಸ ಮಾಡಲಿಲ್ಲ, ಕಾಗದದಲ್ಲಿ ಇದ್ದದ್ದನ್ನೇ ಮಾಡಿದರು. ನಮ್ಮ ಕಂಪನಿಗೆ 6 ಕೋಟಿ ಬೆಲೆ ಕಟ್ಟಿ, 2 ಕೋಟಿ ಹಾಕಿ, ಒಟ್ಟು 8ರಲ್ಲಿ ಕಾಲು ಭಾಗ ತಗೊಂಡರು. 6 ಕೋಟಿ ಅನ್ನುವ ಅಂಕಿ ಕೇಳಿ ನಾವಿಬ್ಬರೂ ಆ ರಾತ್ರಿ ನಿದ್ದೆ ಮಾಡಲಿಲ್ಲ. ಕೆಲವು ವರ್ಷದ ಮೇಲೆ ಆರ್ಡರು ಕುಗ್ಗಿತು, ಕಂಪನಿಯನ್ನು ಮಾರಬೇಕಾಯಿತು. ಸಿಕ್ಕ ಬೆಲೆಯೂ 6 ಕೋಟಿಯೇ. ನಮ್ಮ ಲೆಕ್ಕ ಸರಳ: ಕಾಲು ಭಾಗ, ಅಂದರೆ ಒಂದೂವರೆ ಕೋಟಿ ಅವರಿಗೆ, ನಾಲ್ಕೂವರೆ ನಮಗೆ. ಅವರ ವಕೀಲರು ಕಾಗದ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. ಲಿಕ್ವಿಡೇಶನ್ ಪ್ರಿಫರೆನ್ಸ್, ಎರಡು ಪಟ್ಟು, ಪಾರ್ಟಿಸಿಪೇಟಿಂಗ್. ಅಂದರೆ ಮೊದಲು ಅವರು ಹಾಕಿದ್ದರ ಎರಡರಷ್ಟು, 4 ಕೋಟಿ, ಎತ್ತಿಕೊಳ್ಳುವುದು. ಆಮೇಲೆ ಉಳಿದ 2 ಕೋಟಿಯಲ್ಲೂ ಕಾಲು ಭಾಗದವರಾಗಿ ಕೂತು 50 ಲಕ್ಷ ತಗೊಳ್ಳುವುದು. ಒಟ್ಟು ನಾಲ್ಕೂವರೆ ಅವರಿಗೆ, ಒಂದೂವರೆ ನಮಗೆ. ಅಂಕಿ ಅವೇ ಇದ್ದವು ನೋಡು, ಕೈ ಮಾತ್ರ ಅದಲುಬದಲಾಗಿತ್ತು. ಅದರಲ್ಲಿ ಇಬ್ಬರಿಗೆ ಪಾಲಾಗಿ, ನಾನು ವೈಯಕ್ತಿಕ ಜಾಮೀನು ಹಾಕಿದ್ದ ಬ್ಯಾಂಕ್ ಸಾಲ ತೀರಿ ಉಳಿದದ್ದರಲ್ಲಿ ಈ ಮನೆಯ ಹೆಂಚು ಬದಲಾಯಿಸಿದೆ.

ಆ ಸಾಲನ್ನು ಸಹಿ ಹಾಕುವ ದಿನ ನಾನು ನೋಡಿದ್ದೆ ಪುಟ್ಟಿ. ‘ಲಿಕ್ವಿಡೇಶನ್’ ಅಂದರೆ ದಿವಾಳಿ, ನಾವೇಕೆ ದಿವಾಳಿ ಆಗುತ್ತೇವೆ ಅಂತ ಪುಟ ತಿರುಗಿಸಿದ್ದೆ. ಚೆನ್ನಾಗಿರುವ ಕಂಪನಿಯನ್ನು ಮಾರುವುದೂ ಆ ಶಬ್ದದೊಳಗೇ ಬರುತ್ತದೆ ಅಂತ ಗೊತ್ತಿರಲಿಲ್ಲ.

ನಿನ್ನ ಕಾಗದದ ಆರನೇ ಪುಟದಲ್ಲಿ ಅದೇ ಸಾಲು ಇದೆ. ಎರಡು ಪಟ್ಟಲ್ಲ, ಒಂದೇ ಪಟ್ಟು, ಅಷ್ಟು ಸಮಾಧಾನ. ಆದರೆ ಪಾರ್ಟಿಸಿಪೇಟಿಂಗ್ ಅಂತಲೇ ಇದೆ. ಅದಕ್ಕೆ ‘ನಾನ್’ ಸೇರಿಸಲು ಕೇಳು. ಆಗ ಅವರು ಹಾಕಿದ 2 ಕೋಟಿ ವಾಪಸ್ ಬೇಕೋ, ತಮ್ಮ ಪಾಲು ಬೇಕೋ, ಒಂದನ್ನು ಆರಿಸಬೇಕು. ಎರಡು ಎಲೆಯಲ್ಲಿ ಉಣ್ಣುವ ಹಾಗಿಲ್ಲ. ನ್ಯಾಯವಾದ ಕೋರಿಕೆ ಇದು, ಕೇಳಿದರೆ ಯಾರೂ ಮುನಿಸಿಕೊಳ್ಳುವುದಿಲ್ಲ. ಮುನಿಸಿಕೊಂಡರೆ ಅದೂ ಈಗಲೇ ಗೊತ್ತಾಗಲಿ.

ಇನ್ನು ಅವರು ನಿನ್ನ ಕಂಪನಿಗೆ ಕಟ್ಟಿದ ಬೆಲೆಯ ವಿಷಯ. 8 ಕೋಟಿ ಅಂತ ನೀನು ಮೂರು ಸಲ ಬರೆದಿದ್ದೀಯ. ನಾನು ಅಂಚಿನಲ್ಲಿ ಪೆನ್ಸಿಲಿನಿಂದ ಲೆಕ್ಕ ಹಾಕಿದೆ. ಅವರು 2 ಕೋಟಿ ಹಾಕಿದ ಮೇಲೆ ಒಟ್ಟು 10, ಅವರ ಪಾಲು ನೂರಕ್ಕೆ 20. ಸರಿ. ಆದರೆ ಮುಂದೆ ಸೇರುವ ನೌಕರರಿಗೆ ಅಂತ ನೂರಕ್ಕೆ 10 ಷೇರನ್ನು, ಅಂದರೆ ಈಸಾಪ್ ಪೂಲನ್ನು, ‘ಹೂಡಿಕೆಗೆ ಮೊದಲೇ’ ಎತ್ತಿಡಬೇಕು ಅಂತ ಇದೆ. ಅದು ಪೂರ್ತಿ ನಿಮ್ಮಿಬ್ಬರ ಪಾಲಿನಿಂದಲೇ ಹೋಗುವುದು. ಈಗ ನಿನ್ನದು 60, ನಿನ್ನ ಗೆಳತಿಯದು 40. ಸಹಿಯಾದ ಮೇಲೆ ನಿನ್ನದು 42, ಅವಳದು 28. ಇನ್ನೂ ಹುಟ್ಟದ ನೌಕರರ 10 ಪಾಲನ್ನು ಕಳೆದು ನೋಡಿದರೆ ಅವರು ಕಟ್ಟಿದ್ದು 8 ಅಲ್ಲ, 7 ಕೋಟಿ. ಮುಂದಿನ ಸುತ್ತಿನ ಹೂಡಿಕೆಯಲ್ಲಿ ಇನ್ನೊಬ್ಬರು 20 ಕೇಳಿದರೆ ನೀನು 34ಕ್ಕೂ ಕೆಳಗೆ. ಫ್ಲಿಪ್‌ಕಾರ್ಟನ್ನು 2018ರಲ್ಲಿ ವಾಲ್‌ಮಾರ್ಟ್ ಕೊಳ್ಳುವ ಹೊತ್ತಿಗೆ ಕಟ್ಟಿದವರ ಕೈಯಲ್ಲಿ ಉಳಿದದ್ದು ಸಣ್ಣ ಪಾಲು. ಅಲ್ಲಿ ಆ ಸಣ್ಣ ಪಾಲೇ ಸಾವಿರಾರು ಕೋಟಿ, ಆ ಮಾತು ಬೇರೆ. ನಮ್ಮದು ಉಪ್ಪಿನಕಾಯಿ.

ಹಾಂ, ಉಪ್ಪಿನಕಾಯಿ. ಇಲ್ಲೇ ಸ್ವಲ್ಪ ನಿಲ್ಲಬೇಕು ನಾನು.

2 ಕೋಟಿ ಯಾವುದಕ್ಕೆ ಅಂತ ನೀನು ಮಾಡಿದ ಪಟ್ಟಿ ನೋಡಿದೆ. ದೊಡ್ಡ ಬಾಬತ್ತು 70 ಲಕ್ಷ, ಅಪ್ಪೆಮಿಡಿ ಖರೀದಿ ಮತ್ತು ಉಪ್ಪು ನೀರಿನ ದಾಸ್ತಾನು. ಮಿಡಿ ಬರುವುದು ಬೇಸಿಗೆಯ ಒಂದೆರಡು ತಿಂಗಳು. ವರ್ಷಕ್ಕೆ ಬೇಕಾದದ್ದನ್ನೆಲ್ಲ ಆಗಲೇ ಕೊಂಡು, ಸೊನೆ ಹೋಗದ ಹಾಗೆ ತೊಟ್ಟು ಸಮೇತ ಉಪ್ಪಿನಲ್ಲಿ ಹಾಕಿಡಬೇಕು. ಮಿಡಿ ಕೊಯ್ಯುವವನು ನಗದು ಕೇಳುತ್ತಾನೆ, ಬೆಂಗಳೂರಿನ ಅಂಗಡಿಯವನು ಅರವತ್ತು ದಿನಕ್ಕೆ ದುಡ್ಡು ಕೊಡುತ್ತಾನೆ. ನಿನ್ನ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಆ 70 ಲಕ್ಷ ವರ್ಷದೊಳಗೆ ಬಾಟಲಿಯಾಗಿ ಮಾರಿ ವಾಪಸ್ ಬರುವ ಹಣ. ಬಂದು ಹೋಗುವ ಹಣಕ್ಕೆ ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಇದೆ, ಬೇಕಾದಾಗ ತೆಗೆದು ಮಾರಾಟದ ದುಡ್ಡು ಬಂದಾಗ ತುಂಬುವ ಸಾಲ. ಬಡ್ಡಿ ಕಟ್ಟಿದರೆ ಮುಗಿಯಿತು, ಬ್ಯಾಂಕಿನವನು ನಿನ್ನ ಕಂಪನಿಯಲ್ಲಿ ಪಾಲು ಕೇಳುವುದಿಲ್ಲ. ಷೇರು ಕೊಟ್ಟರೆ ಒಂದು ಬೇಸಿಗೆಯ ಮಿಡಿಗೆ ಜೀವಮಾನದ ಪಾಲು ಕೊಟ್ಟ ಹಾಗೆ.

‘ಬ್ಯಾಂಕಿನವರು ಅಡವು ಕೇಳ್ತಾರೆ’ ಅನ್ನುತ್ತೀಯ. ಸಣ್ಣ ಉದ್ದಿಮೆಗೆ ಅಡವಿಲ್ಲದೆ ಸಾಲ ಸಿಗಲಿ ಅಂತಲೇ ಸರ್ಕಾರದ ಸಿಜಿಟಿಎಂಎಸ್‌ಇ ಗ್ಯಾರಂಟಿ ಇರುವುದು, 2000ದಿಂದಲೂ ಇದೆ. ಅದರ ಮಿತಿಯನ್ನು ಏಪ್ರಿಲ್ 2025ರಿಂದ 10 ಕೋಟಿಗೆ ಏರಿಸಿದ್ದಾರೆ. ಗ್ಯಾರಂಟಿಗೆ ವರ್ಷವರ್ಷ ಶುಲ್ಕ ಕಟ್ಟಬೇಕು, ಮ್ಯಾನೇಜರು ಮೊದಲು ‘ಮನೆ ಪತ್ರ ಇದ್ರೆ ಈಸಿ ಆಗ್ತಿತ್ತು ಮೇಡಂ’ ಅಂತ ಅಂದೇ ಅನ್ನುತ್ತಾರೆ. ಅನ್ನಲಿ. ಎರಡು ವರ್ಷದ ಬ್ಯಾಲೆನ್ಸ್ ಶೀಟು, ಜಿಎಸ್‌ಟಿ ರಿಟರ್ನ್ಸು, ಅಂಗಡಿಗಳ ಆರ್ಡರು ಹಿಡಿದು ಹೋಗು. ಸಣ್ಣ ಆಹಾರ ಉದ್ದಿಮೆಗಳ ಪಿಎಂಎಫ್‌ಎಂಇ ಯೋಜನೆಯಲ್ಲಿ ಮೆಷಿನ್ನಿಗೆ ನೂರಕ್ಕೆ 35ರ ಸಹಾಯಧನ ತಗೊಂಡಾಗ ಇದೇ ಕಾಗದವೆಲ್ಲ ಜೋಡಿಸಿದ್ದೆಯಲ್ಲ, ಅದೇ ಫೈಲು.

ಇನ್ನೊಂದು ನೋಡು. ಸಹಿ ಹಾಕಿದ ಮಾತ್ರಕ್ಕೆ ಹಣ ಬರುವುದಿಲ್ಲ. ಡ್ಯೂ ಡಿಲಿಜೆನ್ಸು ಅನ್ನುವ ಲೆಕ್ಕಪತ್ರದ ತಪಾಸಣೆ, ಷೇರುದಾರರ ಒಪ್ಪಂದ, ವ್ಯಾಲ್ಯುವೇಶನ್ ವರದಿ ಅಂತ ಎರಡು ಮೂರು ತಿಂಗಳು ಸುಲಭವಾಗಿ ಹೋಗುತ್ತದೆ. ಅಷ್ಟರಲ್ಲಿ ಮಿಡಿ ಮುಗಿದು ಮಳೆ ಹಿಡಿದಿರುತ್ತದೆ. ಟರ್ಮ್ ಶೀಟು ಹೆಚ್ಚಿನಂಶ ಕಾನೂನಿಗೆ ಕಟ್ಟುಬೀಳದ ಕಾಗದ, ಅವರು ನಾಳೆ ಬೇಡ ಅಂದರೂ ಕೇಳುವ ಹಾಗಿಲ್ಲ. ಆದರೆ ಎಕ್ಸ್‌ಕ್ಲೂಸಿವಿಟಿಯ ಸಾಲು ಮಾತ್ರ ಕಟ್ಟುತ್ತದೆ: 45 ದಿನ ನೀನು ಬೇರೆ ಯಾರ ಹತ್ತಿರವೂ ಹಣದ ಮಾತಾಡಬಾರದು, 10 ಲಕ್ಷಕ್ಕೆ ಮೇಲೆ ಹೊಸ ಸಾಲ ಮಾಡಬಾರದು. ಆ 45 ದಿನ ಯಾವುದು ಅಂತ ಕ್ಯಾಲೆಂಡರು ನೋಡಿದೆಯಾ? ಸರಿಯಾಗಿ ಮಿಡಿಯ ಕಾಲ. ಕೋರಮಂಗಲದಲ್ಲಿ ಕೂತ ಫಂಡಿನವರಿಗೆ ಅದು ತಿಳಿಯಬೇಕಾಗಿಲ್ಲ, ನಿನಗೆ ತಿಳಿಯಬೇಕು.

ಇದಕ್ಕಿಂತ ಆಳದ ಮಾತೊಂದಿದೆ. ಆ ಫಂಡಿನವರು ಹಾಕುವುದು ತಮ್ಮ ಸ್ವಂತ ದುಡ್ಡಲ್ಲ. ಬೇರೆಯವರಿಂದ ಎಂಟು ಹತ್ತು ವರ್ಷದ ಅವಧಿಗೆ ತಂದ ದುಡ್ಡು, ಅಷ್ಟರೊಳಗೆ ಬೆಳೆಸಿ ಹಿಂದಿರುಗಿಸಬೇಕು. ಹತ್ತು ಕಂಪನಿಗೆ ಹಾಕಿದರೆ ಹೆಚ್ಚಿನವು ಮುಳುಗುತ್ತವೆ ಅಂತ ಅವರಿಗೆ ಮೊದಲೇ ಗೊತ್ತು. ಗೆದ್ದ ಒಂದೆರಡು ಉಳಿದೆಲ್ಲವನ್ನೂ ಹೊರಬೇಕು. ಆದ್ದರಿಂದ ಪ್ರತಿಯೊಂದೂ ಹತ್ತಿಪ್ಪತ್ತು ಪಟ್ಟು ಬೆಳೆಯುವಂತಿರಬೇಕು ಅನ್ನುವುದು ಅವರ ಲೆಕ್ಕ. ವರ್ಷಕ್ಕೆ ನೂರಕ್ಕೆ 20 ಬೆಳೆಯುವ ಕಂಪನಿ ಬ್ಯಾಂಕಿಗೆ ಬಂಗಾರ, ಫಂಡಿಗೆ ತಲೆನೋವು.

ಈಗ ಹೇಳು, ಅಪ್ಪೆಮಿಡಿ ಇಪ್ಪತ್ತು ಪಟ್ಟು ಬೆಳೆಯುತ್ತದೆಯೇ? ಅಘನಾಶಿನಿ, ಶರಾವತಿ, ವರದೆಯ ದಡದಲ್ಲಿ ತಾನಾಗಿ ಬೆಳೆದ ಮರಗಳು ಅವು. ಬೆಲೆ ಏರಿದ ಹಾಗೆಲ್ಲ ಮರ ಹತ್ತಿ ಕೊಯ್ಯುವ ಬದಲು ಕೊಂಬೆಯನ್ನೇ ಕಡಿದು ಕೆಡವುವವರು ಹೆಚ್ಚಾದರು. ಕಸಿ ಗಿಡ ನೆಟ್ಟವರಿದ್ದಾರೆ, ಅವು ಕೈಗೆ ಬರಲು ವರ್ಷಗಳು ಬೇಕು. ಹಣ ಸುರಿದರೆ ಮಿಡಿ ಹೆಚ್ಚುವುದಿಲ್ಲ, ಮಿಡಿಯ ಬೆಲೆ ಹೆಚ್ಚುತ್ತದೆ. ಆಮೇಲೆ ಬೋರ್ಡಿನಲ್ಲಿ ಕೂತವರು ‘ಬೇರೆ ಕಡೆಯ ಕಾಟು ಮಾವಿನ ಮಿಡಿ ಹಾಕಿದರೆ ಏನು’ ಅಂತ ಕೇಳುತ್ತಾರೆ. ಆ ದಿನ ಜಾಡಿಯ ಮುಚ್ಚಳ ತೆಗೆದರೆ ಜೀರಿಗೆ ವಾಸನೆ ಬರುವುದಿಲ್ಲ.

ನಿನ್ನ ತಂಬುಳಿ ಪುಡಿಯ ಮಾತು ಬೇರೆ. ಒಂದೆಲಗ, ಕರಿಬೇವು, ದಾಳಿಂಬೆ ಸಿಪ್ಪೆ ಎಲ್ಲ ಬೆಳೆಸಬಹುದು, ಒಣಗಿಸಬಹುದು, ಹಗುರ, ವರ್ಷವಿಡೀ ಮಾಡಬಹುದು. ಬೆಳೆಯಬಲ್ಲದ್ದು ಅದು. ಹೊರಗಿನ ಬಂಡವಾಳ ತರುವುದಾದರೆ ಅದಕ್ಕೆ ತಾ, ಉಪ್ಪಿನಕಾಯಿಯನ್ನು ಬ್ಯಾಂಕಿನ ಸಾಲದಲ್ಲಿ ನಡೆಸು. ಆಗ ನಿನಗೆ ಬೇಕಾಗುವುದು 2 ಕೋಟಿಯೂ ಅಲ್ಲ, ನನ್ನ ಲೆಕ್ಕದಲ್ಲಿ 80 ಲಕ್ಷ. ಕಡಿಮೆ ಹಣ, ಕಡಿಮೆ ಪಾಲು. ದೋಸೆ ಹಿಟ್ಟಿನ ಐಡಿ ಫ್ರೆಶ್ ಬೆಂಗಳೂರಿನಲ್ಲಿ ಸಣ್ಣ ಅಡುಗೆಮನೆಯಿಂದ ಶುರುವಾದದ್ದು 2005ರಲ್ಲಿ, ದೊಡ್ಡ ವೆಂಚರ್ ಹಣ ಬಂದದ್ದು 2014ರಲ್ಲಿ. ಷೇರು ದಲ್ಲಾಳಿ ಕಂಪನಿ ಜೆರೋಧಾದವರು 2010ರಿಂದ ಹೊರಗಿನ ಬಂಡವಾಳವನ್ನೇ ತಗೊಂಡಿಲ್ಲ. ತಗೊಳ್ಳಬಾರದು ಅಂತ ನಾನು ಹೇಳುತ್ತಿಲ್ಲ. ತಡವಾಗಿ ಹೋದವರಿಗೆ ಚೌಕಾಸಿ ಮಾಡುವ ಬಲ ಇರುತ್ತದೆ.

ಉಳಿದ ಕೆಲವನ್ನು ಬೇಗ ಹೇಳುತ್ತೇನೆ, ಕೈ ನೋಯುತ್ತಿದೆ. ಎಂಟನೇ ಪುಟ: ಐದು ವರ್ಷದೊಳಗೆ ಅವರಿಗೆ ಷೇರು ಮಾರಿ ಹೊರಹೋಗುವ ದಾರಿ ಆಗದಿದ್ದರೆ ‘ಕಂಪನಿ ಮತ್ತು ಪ್ರವರ್ತಕರು’ ಷೇರು ಮರುಖರೀದಿ ಮಾಡಬೇಕು. ‘ಪ್ರವರ್ತಕರು’ ಅಂದರೆ ನೀನು. ಕಂಪನಿ ತನ್ನ ಷೇರು ತಾನೇ ಕೊಳ್ಳುವುದಕ್ಕೆ ಕಾನೂನಿನಲ್ಲಿ ಮಿತಿ ಇದೆ, ನಿನ್ನ ತಲೆಗೆ ಮಿತಿ ಇಲ್ಲ. ಆ ಶಬ್ದ ಹೊಡೆಸಿ ಹಾಕಿಸು. ಒಂಬತ್ತನೇ ಪುಟದ ‘ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ’ ಅನ್ನುವುದೂ ಹಾಗೇ: ನಿನ್ನ ಗೆಳತಿ ಕೊಟ್ಟ ತಪ್ಪು ಮಾಹಿತಿಗೆ ಪೂರ್ತಿ ನಷ್ಟ ನಿನ್ನಿಂದ ವಸೂಲಿ ಮಾಡಬಹುದು. ಮೊತ್ತಕ್ಕೆ ಮಿತಿ ಹಾಕಿಸು. ನಾಲ್ಕು ವರ್ಷದ ವೆಸ್ಟಿಂಗ್, ಅಂದರೆ ದುಡಿದ ಹಾಗೆ ಸ್ವಲ್ಪ ಸ್ವಲ್ಪವಾಗಿ ಪಾಲು ನಿಮ್ಮದಾಗುವುದು, ಅದು ಮಾತ್ರ ನನಗೆ ತಪ್ಪು ಅನ್ನಿಸಲಿಲ್ಲ. ನಾಳೆ ಆ ಹುಡುಗಿ ಮದುವೆಯಾಗಿ ಸಿಂಗಪುರಕ್ಕೆ ಹೋದರೆ 28 ಪಾಲು ಹಿಡಿದುಕೊಂಡೇ ಹೋಗಬಾರದಲ್ಲ. ಈಗಾಗಲೇ ದುಡಿದ ಮೂರು ವರ್ಷವನ್ನು ಲೆಕ್ಕಕ್ಕೆ ಹಿಡಿಯಿರಿ ಅಂತ ಕೇಳಿ, ಸಾಕು.

ನಮ್ಮವರ ಹಣದ ವಿಷಯ. ನಿನ್ನ ಚಿಕ್ಕಪ್ಪ, ಶಿರಸಿಯ ಅಣ್ಣಂದಿರು ತಲಾ ಎರಡು ಲಕ್ಷ ಹಾಕುತ್ತೇವೆ ಅಂದಿದ್ದಾರಂತೆ, ‘ಕಾಗದ ಪತ್ರ ಎಲ್ಲ ಯಾಕೆ’ ಅಂದರಂತೆ. ಕಾಗದ ಇಲ್ಲದೆ ಒಂದು ರೂಪಾಯಿ ಮುಟ್ಟಬೇಡ. ಚೀಟಿ ದುಡ್ಡಿನ ಹಾಗೆ ಕೈಯಿಂದ ಕೈಗೆ ಇಸಿದುಕೊಂಡರೆ ಕಂಪನಿ ಕಾನೂನಿನಲ್ಲಿ ಅದು ಠೇವಣಿ ಆಗಿಬಿಡಬಹುದು, ದಂಡ ದೊಡ್ಡದು. ಷೇರಿಗಾದರೆ ಆಫರ್ ಲೆಟರ್ ಕೊಟ್ಟು, ಬ್ಯಾಂಕ್ ಮೂಲಕವೇ ಪಡೆದು, ಬೇರೆ ಖಾತೆಯಲ್ಲಿಟ್ಟು, 60 ದಿನದೊಳಗೆ ಷೇರು ಹಂಚಬೇಕು. ಹಂಚಿದ 15 ದಿನದೊಳಗೆ ಕಂಪನಿ ರಿಜಿಸ್ಟ್ರಾರರಿಗೆ ಪಾಸ್-3 ಫಾರ್ಮ್ ಹಾಕಬೇಕು, ಹಾಕುವವರೆಗೆ ಆ ಹಣ ಖರ್ಚು ಮಾಡುವಂತಿಲ್ಲ. ನ್ಯೂಜೆರ್ಸಿಯ ಅಣ್ಣನ ಹಣಕ್ಕೆ ರಿಸರ್ವ್ ಬ್ಯಾಂಕಿನ ನಿಯಮವೂ ಸೇರಿಕೊಳ್ಳುತ್ತದೆ, ಅದನ್ನು ಕಂಪನಿ ಸೆಕ್ರೆಟರಿ ಹತ್ತಿರ ಕೇಳಿಯೇ ತರಿಸು. ಮತ್ತೆ, ಮುಳುಗಿದರೂ ಮುಂದಿನ ದೀಪಾವಳಿಗೆ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಬಲ್ಲವರಿಂದ ಮಾತ್ರ ತಗೋ. ಆ ಲೆಕ್ಕದಲ್ಲಿ ಚಿಕ್ಕಪ್ಪನನ್ನು ಬಿಡುವುದೇ ಒಳ್ಳೆಯದು, ನಾನು ಹೇಳಿದೆ ಅನ್ನಬೇಡ.

ವಕೀಲರನ್ನು ನಿನ್ನವರನ್ನೇ ಇಡು. ಅವರ ವಕೀಲರು ಎಷ್ಟು ನಗುನಗುತ್ತಾ ಮಾತಾಡಿದರೂ ಅವರು ಅವರ ವಕೀಲರು. ಆ ಫಂಡಿನವರು ಹಣ ಹಾಕಿ ಗೆದ್ದ ಕಂಪನಿಯವರ ಫೋನ್ ನಂಬರ್ ಅವರೇ ಕೊಡುತ್ತಾರೆ. ಮುಚ್ಚಿಹೋದ ಎರಡು ಕಂಪನಿಯವರ ನಂಬರ್ ನೀನು ಹುಡುಕು. ‘ಕೊನೆಯ ಆರು ತಿಂಗಳು ಇವರು ಹೇಗಿದ್ದರು’ ಅಂತ ಅದೊಂದೇ ಪ್ರಶ್ನೆ ಕೇಳು.

ಶುಕ್ರವಾರ ಸಹಿ ಹಾಕಬೇಡ. ‘ನಮ್ಮ ಸೀಸನ್ ಶುರುವಾಗಿದೆ, ಮಿಡಿ ಮುಗಿದ ಮೇಲೆ ಕೂತು ಮಾತಾಡೋಣ’ ಅಂತ ಮರ್ಯಾದೆಯಿಂದ ಬರೆ. ನಿಜವಾಗಿ ಬೇಕಿದ್ದವರು ಎರಡು ತಿಂಗಳು ಕಾಯುತ್ತಾರೆ. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಇಲ್ಲಿನ ಬ್ಯಾಂಕಿನಲ್ಲಿ ಸಿಗೋಣ, ಮ್ಯಾನೇಜರಿಗೆ ಹೇಳಿಟ್ಟಿದ್ದೇನೆ. ಭಾನುವಾರ ರಾತ್ರಿಯ ರೈಲಿಗೆ ಹೊರಡು, ಫೈಲು ಮರೆಯಬೇಡ. ಪೆನ್ಸಿಲ್ ಗುರುತಿರುವ ಹನ್ನೊಂದು ಪುಟವನ್ನೂ ಇದರ ಜೊತೆ ಇಟ್ಟಿದ್ದೇನೆ. ನಿನ್ನ ಅತ್ತೆ ಕಳೆದ ವರ್ಷ ಕೊಟ್ಟ ದೊಡ್ಡ ಜಾಡಿ ನಿನ್ನಲ್ಲೇ ಉಳಿದಿದೆಯಂತೆ, ಬರುವಾಗ ತರಬೇಕಂತೆ.

ನಿನ್ನ
ಮಾವ