ನೂರನೇ ಬರಹ ಮುಗಿಯಿತು!

ಗೆಳೆಯರೇ, ಹಳೇ ಬೈಕುಗಳ ಬಗ್ಗೆ ನಾನು ಬರೆಯುತ್ತಾ ಬಂದಿರುವ ಸರಣಿಯ ನೂರನೇ ಬರಹ ನಿನ್ನೆ ರಾತ್ರಿ ಮುಗಿಯಿತು. ಮೊದಲು ನಿಮಗೇ ಹೇಳಬೇಕು ಅನ್ನಿಸಿತು.

ಶುರು ಮಾಡಿದ್ದು 1885ರ ಡೈಮ್ಲರ್ ಬಂಡಿಯಿಂದ. ಮರದ ಚೌಕಟ್ಟು, ಬೀಳದಂತೆ ಪಕ್ಕಕ್ಕೆ ಎರಡು ಪುಟ್ಟ ಚಕ್ರ. ನೂರನೆಯದಕ್ಕೆ ಜಾವಾನೇ ಇರಲಿ ಅಂತ ಕಾದಿಟ್ಟಿದ್ದೆ. 1929ರಲ್ಲಿ ಜೆಕ್ ಉದ್ಯಮಿ ಯಾನೆಚೆಕ್ ಅವರು ಜರ್ಮನಿಯ ವಾಂಡರರ್ ಕಂಪನಿಯ ಬೈಕ್ ವಿನ್ಯಾಸ ಕೊಂಡು, ಎರಡೂ ಹೆಸರಿನ ಶುರುವಿನ ಅಕ್ಷರಗಳನ್ನು ಸೇರಿಸಿ ಇಟ್ಟ ಹೆಸರು ಅದು. ಆದರೆ ನನಗೆ ಜಾಸ್ತಿ ಇಷ್ಟ ಅದರ ಲಿವರ್. ಐವತ್ತರ ದಶಕದ ಜಾವಾದಲ್ಲಿ ಕಿಕ್ಕರ್, ಗೇರ್ ಎರಡಕ್ಕೂ ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್. ಬೈಕ್ ಸ್ಟಾರ್ಟ್ ಆದ ಮೇಲೆ ಇಳಿಸಿದರೆ ಗೇರ್. ಗೇರ್ ಬದಲಿಸುವಾಗ ಕ್ಲಚ್ಚನ್ನೂ ಅದೇ ಬಿಡಿಸುತ್ತದೆ. ಎಷ್ಟು ಚೆಂದದ ಯೋಚನೆ, ಅಲ್ವಾ?

ನಲವತ್ತನೇ ಬರಹದ ಹತ್ತಿರ ಬರೆಯೋದು ಬಿಟ್ಟೇಬಿಡೋಣ ಅನ್ನಿಸಿತ್ತು. ಆಗ ನಿಮ್ಮಲ್ಲೊಬ್ಬರು ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋವನ್ನು ಬಿಚ್ಚಿಟ್ಟು ಫೋಟೋ ಕಳಿಸಿ, ಬ್ಯಾಟರಿ ಇಲ್ಲದೆ ಕಿಡಿ ಹೇಗೆ ಬರುತ್ತೆ ಅಂತ ಕೇಳಿದಿರಿ. ಸುರುಳಿ, ಅಯಸ್ಕಾಂತ, ಕರೆಂಟ್ ಕಡಿಯುವ ಪಾಯಿಂಟ್ ಅಂತ ಉತ್ತರ ಬರೆಯುತ್ತಾ ಮೂರು ಬರಹಗಳೇ ಆದವು. ಆ ಪ್ರಶ್ನೆಗೆ ನಾನು ಋಣಿ.

ಮುಂದಿನದು ಟ್ಯಾಂಕ್ ಪಕ್ಕದ ಕೈ ಗೇರಿನ ಬೈಕುಗಳ ಬಗ್ಗೆ. ಯಾರ ಬಳಿಯಾದರೂ ಅಂಥ ಬೈಕಿದ್ದರೆ, ಗೇರ್ ಕಡ್ಡಿ ಕೂರುವ ಹಲ್ಲಿನ ಪಟ್ಟಿಯ ಫೋಟೋ ಹತ್ತಿರದಿಂದ ತೆಗೆದು ಭಾನುವಾರದೊಳಗೆ ಇಲ್ಲೇ ಹಾಕಿ. ತೊಳೆದು ಹೊಳಪು ಕೊಡಬೇಡಿ. ಸವೆದ ಗುರುತೇ ನನಗೆ ಬೇಕಾಗಿರುವುದು.