ಸ್ಪೇನ್‌ನ ಪಶ್ಚಿಮದ ಊರುಗಳಿಗೂ ಪುಟ ಸಿಗಲಿ

ಮಾನ್ಯ ಸಂಪಾದಕರೇ,

ಕನ್ನಡ ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ ಸ್ಪೇನ್ ಕುರಿತು ಬರುವ ಬರಹಗಳು ಹೆಚ್ಚಾಗಿ ಬಾರ್ಸಿಲೋನಾದಲ್ಲಿ ಆರಂಭವಾಗಿ, ಮ್ಯಾಡ್ರಿಡ್, ಸೆವಿಯಾಗಳನ್ನು ಸುತ್ತಿ, ಗ್ರನಾದಾದ ಅರಮನೆಯಲ್ಲಿ ಮುಗಿಯುತ್ತವೆ. ಆ ಊರುಗಳು ನೋಡತಕ್ಕವಲ್ಲ ಎಂದು ಯಾರೂ ಹೇಳಲಾರರು. ಆದರೆ 2024ರಲ್ಲಿ ಸ್ಪೇನ್‌ಗೆ ಬಂದ ವಿದೇಶಿ ಪ್ರವಾಸಿಗರು ಸುಮಾರು 9.4 ಕೋಟಿ, ಅಂದರೆ ಆ ದೇಶದ ಜನಸಂಖ್ಯೆಯ ಹತ್ತಿರ ಹತ್ತಿರ ಎರಡು ಪಟ್ಟು. ಅವರಲ್ಲಿ ಬಹುಪಾಲು ಜನ ಕೆಲವೇ ನಗರ, ಕಡಲತೀರ ಮತ್ತು ದ್ವೀಪಗಳಲ್ಲಿ ಕಿಕ್ಕಿರಿಯುತ್ತಾರೆ. ಅದೇ ವರ್ಷದ ಜುಲೈನಲ್ಲಿ ಬಾರ್ಸಿಲೋನಾದ ನಿವಾಸಿಗಳು ಬೀದಿಗಿಳಿದು, ಹೋಟೆಲುಗಳ ಮುಂದೆ ಕುಳಿತಿದ್ದ ಪ್ರವಾಸಿಗರ ಮೇಲೆ ಮಕ್ಕಳ ಪಿಚಕಾರಿಗಳಿಂದ ನೀರು ಹಾರಿಸಿದ್ದು ಜಗತ್ತಿಗೆಲ್ಲ ಸುದ್ದಿಯಾಯಿತು. ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಫ್ಲ್ಯಾಟುಗಳ ಪರವಾನಗಿಯನ್ನು 2028ರ ನವೆಂಬರ್ ವೇಳೆಗೆ ಸಂಪೂರ್ಣ ನಿಲ್ಲಿಸುವುದಾಗಿ ಅಲ್ಲಿನ ನಗರಾಡಳಿತವೇ ಪ್ರಕಟಿಸಿದೆ. ಇಷ್ಟಾದ ಮೇಲೂ ನಾವು ಓದುಗರನ್ನು ಮತ್ತೆ ಮತ್ತೆ ಅದೇ ಬೀದಿಗಳಿಗೆ ಕಳುಹಿಸುತ್ತಿರಬೇಕೇ?

ಇಂಥ ನೂಕುನುಗ್ಗಲು ಇಲ್ಲದ ಊರುಗಳ ಸಾಲೊಂದು ಅದೇ ದೇಶದ ಪಶ್ಚಿಮ ಭಾಗದಲ್ಲಿದೆ. ದಕ್ಷಿಣದ ಮೆರಿದಾದಿಂದ ಉತ್ತರದ ಅಸ್ತೋರ್ಗಾವರೆಗೆ ರೋಮನ್ನರು ನಿರ್ಮಿಸಿದ ದಾರಿಯನ್ನು ಇಂದು ವಿಯಾ ದೆ ಲಾ ಪ್ಲಾತಾ ಎನ್ನುತ್ತಾರೆ; ಅಸ್ತೋರ್ಗಾದಿಂದ ಲುಗೊ ಪಟ್ಟಣಕ್ಕೂ ರೋಮನ್ ದಾರಿ ಸಾಗಿತ್ತು. ಬಿಡಿಬಿಡಿ ನಗರಗಳ ಪಟ್ಟಿಯ ಬದಲು ಈ ಒಂದೇ ದಾರಿಯನ್ನು ಹಿಡಿದು ಬರೆದರೆ, ಅಲ್ಲಿನ ಕಟ್ಟಡ ಮತ್ತು ಅಡುಗೆ ಎರಡೂ ಒಂದೇ ಕಥೆಯ ಭಾಗಗಳೆಂಬುದು ಓದುಗರಿಗೆ ತಾನಾಗಿ ತಿಳಿಯುತ್ತದೆ ಎಂಬುದನ್ನು ಪತ್ರಿಕೆಯ ಗಮನಕ್ಕೆ ತರುವುದು ಈ ಪತ್ರದ ಉದ್ದೇಶ.

ಮೆರಿದಾವನ್ನು ಸಾಮ್ರಾಟ ಅಗಸ್ಟಸ್ ಕ್ರಿ.ಪೂ. 25ರಲ್ಲಿ ತನ್ನ ನಿವೃತ್ತ ಸೈನಿಕರಿಗಾಗಿ ಸ್ಥಾಪಿಸಿದ. ಲುಸಿತಾನಿಯಾ ಪ್ರಾಂತದ ರಾಜಧಾನಿಯಾಗಿ ಬೆಳೆದ ಆ ಊರಿನ ರಂಗಮಂದಿರ ಶತಮಾನಗಳ ಕಾಲ ಮಣ್ಣಿನಲ್ಲಿ ಹೂತು, ಮೇಲ್ತುದಿಯ ಆಸನಸಾಲಿನ ತುಂಡುಗಳಷ್ಟೇ ಹೊರಗೆ ಕಾಣುತ್ತಿದ್ದವು; ಜನ ಅವನ್ನು ‘ಏಳು ಕುರ್ಚಿಗಳು’ ಎನ್ನುತ್ತಿದ್ದರು. 1910ರಲ್ಲಿ ಉತ್ಖನನ ಆರಂಭವಾಗಿ ವೇದಿಕೆ ಹೊರಬಂತು. 1933ರಲ್ಲಿ ನಟಿ ಮಾರ್ಗರಿತಾ ಶಿರ್ಗು ಅದೇ ವೇದಿಕೆಯಲ್ಲಿ ಪ್ರಾಚೀನ ದುರಂತ ನಾಟಕದ ನಾಯಕಿ ಮೀಡಿಯಾಳ ಪಾತ್ರ ವಹಿಸಿದರು. ಅಂದು ಮೊದಲಾದ ಪ್ರಾಚೀನ ನಾಟಕಗಳ ಉತ್ಸವ ಇಂದಿಗೂ ಪ್ರತಿ ಬೇಸಿಗೆಯಲ್ಲಿ ನಡೆಯುತ್ತದೆ. ಪಕ್ಕದಲ್ಲೇ ವಾಸ್ತುಶಿಲ್ಪಿ ರಫಾಯೆಲ್ ಮೊನೇಯೊ ಅವರ ರೋಮನ್ ಕಲಾ ವಸ್ತುಸಂಗ್ರಹಾಲಯವಿದೆ. 1986ರಲ್ಲಿ ತೆರೆದ ಆ ಕಟ್ಟಡದ ಎತ್ತರದ ಇಟ್ಟಿಗೆ ಕಮಾನುಗಳ ಕೆಳಗೆ ನಿಂತಾಗ, ಪ್ರತಿಮೆಗಳಿಗಿಂತ ಅವಕ್ಕೆ ಬೀಳುವ ಬೆಳಕನ್ನೇ ಹೆಚ್ಚು ಹೊತ್ತು ನೋಡಬೇಕೆನಿಸುತ್ತದೆ. ಸ್ಪೇನ್‌ನ ವಸ್ತುಸಂಗ್ರಹಾಲಯಗಳಲ್ಲಿ ಒಂದೇ ಒಂದನ್ನು ಆರಿಸಿಕೊಳ್ಳಿ ಎಂದರೆ ನಾನು ಮ್ಯಾಡ್ರಿಡ್‌ನ ಹೆಸರಾಂತ ಸಂಗ್ರಹಾಲಯಗಳನ್ನು ಬಿಟ್ಟು ಇದನ್ನೇ ಹೇಳುವವನು.

ಕಾಸೆರೆಸ್ 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಪರಸ್ಪರ ಕಾದಾಡುತ್ತಿದ್ದ ಶ್ರೀಮಂತ ಮನೆತನಗಳನ್ನು ಹದ್ದುಬಸ್ತಿಗೆ ತರಲು ರಾಣಿ ಇಸಬೆಲ್ ಆ ಮನೆತನಗಳ ಗೋಪುರಗಳ ತಲೆ ಕಡಿಸಿದಳು. ಹಾಗೆ ಉಳಿದ ಮೊಂಡು ಗೋಪುರಗಳ ಮೇಲೆ ಈಗ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಊರಿನ ಹತ್ತಿರದ ಕಾಸಾರ್‌ನಲ್ಲಿ ಕುರಿಯ ಹಸಿ ಹಾಲಿನಿಂದ ಮಾಡುವ ಚೀಸ್ ‘ತೋರ್ತಾ ದೆಲ್ ಕಾಸಾರ್’. ಅದರ ಹಾಲನ್ನು ಒಡೆಸುವುದು ಕರುವಿನ ಹೊಟ್ಟೆಯ ರೆನೆಟ್‌ನಿಂದಲ್ಲ, ಕಾಡಿನಲ್ಲಿ ಬೆಳೆಯುವ ಕಾರ್ದೊ ಎಂಬ ಮುಳ್ಳುಗಿಡದ ಹೂವಿನಿಂದ. ಆ ಹೂವಿನ ಗುಣದಿಂದಲೇ ಚೀಸಿನ ಒಳಭಾಗ ಗಟ್ಟಿಯಾಗದೆ ಲೇಹ್ಯದಂತೆ ಉಳಿಯುತ್ತದೆ, ರುಚಿಯಲ್ಲಿ ಸಣ್ಣ ಕಹಿ ಇರುತ್ತದೆ. ಮೇಲಿನ ಸಿಪ್ಪೆಯನ್ನು ಮುಚ್ಚಳದಂತೆ ಕತ್ತರಿಸಿ ಬ್ರೆಡ್ಡಿಗೆ ಹಚ್ಚಿ ತಿನ್ನುತ್ತಾರೆ. ಯುರೋಪಿನ ಚೀಸ್ ತಿನ್ನಲು ಹಿಂಜರಿಯುವ ಸಸ್ಯಾಹಾರಿಗಳಿಗೆ ಇದನ್ನು ಯಾವ ಪ್ರವಾಸ ಲೇಖನವೂ ಹೇಳಿದಂತಿಲ್ಲ.

ಅಲ್ಲಿಂದ ಉತ್ತರಕ್ಕೆ ಪ್ಲಾಸೆನ್ಸಿಯಾ. ಹಳೆಯ ಕೆಥೆಡ್ರಲ್‌ಗೆ ಹೊಸದೊಂದನ್ನು ಅಂಟಿಸಿ ಕಟ್ಟತೊಡಗಿ, ಎರಡನೆಯದು ಪೂರ್ಣಗೊಳ್ಳದೆ ನಿಂತುಹೋದದ್ದರಿಂದ ಎರಡೂ ಉಳಿದ ವಿಚಿತ್ರ ಊರು ಇದು. ಮಧ್ಯಯುಗದಿಂದ ನಡೆದುಬಂದ ಮಂಗಳವಾರದ ಸಂತೆ ಈಗಲೂ ನಡೆಯುತ್ತದೆ. ಇದರ ಪಕ್ಕದ ಲಾ ವೆರಾ ಕಣಿವೆಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯದೆ ಮುಂದೆ ಹೋಗಲಾರೆ, ಏಕೆಂದರೆ ಸ್ಪೇನಿನ ಅಡುಗೆಯ ಬಣ್ಣ ಮತ್ತು ಪರಿಮಳದ ದೊಡ್ಡ ಪಾಲು ಇಲ್ಲಿಂದ ಹೊರಡುತ್ತದೆ. ಅಮೆರಿಕದಿಂದ ಬಂದ ಮೆಣಸಿನಕಾಯಿಯನ್ನು ಇಲ್ಲಿ ಮೊದಲು ಬೆಳೆಸಿದವರು ಯುಸ್ತೆ ಮಠದ ಸನ್ಯಾಸಿಗಳು ಎಂಬುದು ಜನರ ನಂಬಿಕೆ. ಅದೇ ಮಠದಲ್ಲಿ ಸಾಮ್ರಾಟ ಐದನೆಯ ಚಾರ್ಲ್ಸ್ ಅಧಿಕಾರ ಬಿಟ್ಟು ಬಂದು 1558ರಲ್ಲಿ ತೀರಿಕೊಂಡ. ದೇಶದ ಇನ್ನೊಂದು ತುದಿಯ ಮುರ್ಸಿಯಾದಲ್ಲಿ ಮೆಣಸಿನಕಾಯಿಯನ್ನು ಬಿಸಿಲಿಗೆ ಹರವಿ ಒಣಗಿಸುತ್ತಾರೆ. ಲಾ ವೆರಾದಲ್ಲಿ ಕೊಯ್ಲಿನ ಹೊತ್ತಿಗೆ ಶರತ್ಕಾಲದ ಮಳೆ ಹಿಡಿಯುವುದರಿಂದ ಅದು ಸಾಧ್ಯವಿರಲಿಲ್ಲ. ಹಾಗಾಗಿ ರೈತರು ಹೊಗೆಮನೆಗಳನ್ನು ಕಟ್ಟಿಕೊಂಡರು. ನೆಲದಲ್ಲಿ ಓಕ್ ಸೌದೆಯ ಮಂದ ಉರಿ, ಮೇಲೆ ಮರದ ಪಟ್ಟಿಗಳ ಅಟ್ಟದ ಮೇಲೆ ಹಣ್ಣು ಮೆಣಸಿನಕಾಯಿ. ಸುಮಾರು ಎರಡು ವಾರ, ದಿನವೂ ಕೈಯಿಂದ ಅವನ್ನು ತಿರುವಿ ಹಾಕಬೇಕು. ಅನಂತರ ಬೀಸಿದ ಪುಡಿಯೇ ಪಿಮೆಂಟೋನ್. ಸಿಹಿ, ತುಸು ಖಾರ, ಖಾರ ಎಂಬ ಮೂರು ಬಗೆಗಳಲ್ಲಿ ಸಿಗುವ ಆ ಪುಡಿಯ ಹೊಗೆಯ ವಾಸನೆ ಮಳೆಯ ಕಾಟದಿಂದ ಹುಟ್ಟಿದ್ದು ಎಂದು ತಿಳಿದ ಮೇಲೆ ಊಟದ ತಟ್ಟೆಯನ್ನು ನೋಡುವ ಬಗೆಯೇ ಬೇರೆಯಾಗುತ್ತದೆ.

ಸಲಮಾಂಕಾದ ಬಗ್ಗೆ ಬೇಕಾದಷ್ಟು ಬರೆದವರಿದ್ದಾರೆ. ಅದನ್ನು ದಾಟಿ ಸಮೋರಾಕ್ಕೆ ಬರೋಣ. ದುಯೆರೊ ನದಿಯ ದಂಡೆಯ ಈ ಸಣ್ಣ ನಗರದಲ್ಲಿ ಹನ್ನೆರಡು, ಹದಿಮೂರನೆಯ ಶತಮಾನಗಳ, ದಪ್ಪ ಗೋಡೆ ಮತ್ತು ಅರ್ಧವೃತ್ತದ ಕಮಾನುಗಳ ರೋಮನೆಸ್ಕ್ ಶೈಲಿಯ ಚರ್ಚುಗಳು ಇಪ್ಪತ್ತಕ್ಕೂ ಹೆಚ್ಚಿವೆ. ಮೀನಿನ ಹುರುಪೆಯಂತೆ ಕಲ್ಲು ಹೊದಿಸಿದ ಕೆಥೆಡ್ರಲ್‌ನ ಗುಮ್ಮಟ ಪೂರ್ವದ ಬೈಜಾಂಟಿಯಮ್ ಸಾಮ್ರಾಜ್ಯದ ವಾಸ್ತುಶೈಲಿಯ ಕಡೆಗೆ ಕೈತೋರಿಸುತ್ತದೆ. ಈಸ್ಟರ್‌ಗೆ ಮೊದಲಿನ ಪವಿತ್ರ ವಾರದ ಬುಧವಾರ ಸಂಜೆ ಊರಿನವರು ಮಂಡಿಯೂರಿ ಮೌನದ ಪ್ರತಿಜ್ಞೆ ಮಾಡುವ ಮೆರವಣಿಗೆಯನ್ನು ಸೆವಿಯಾದ ವೈಭವದ ಮೆರವಣಿಗೆಗಳ ಜೊತೆ ಹೋಲಿಸುವುದು ಸರಿಯಲ್ಲ. ಇಲ್ಲಿಯದು ಬಿಗಿ, ಅಲ್ಲಿಯದು ಬೆಡಗು.

ಅಸ್ತೋರ್ಗಾದಲ್ಲಿ ವಾಸ್ತುಶಿಲ್ಪಿ ಗೌದಿಯ ಕಟ್ಟಡ ನೋಡಲು ಬಾರ್ಸಿಲೋನಾದ ಸರದಿಯಲ್ಲಿ ನಿಲ್ಲಬೇಕಾಗಿಲ್ಲ. ಬಾರ್ಸಿಲೋನಾ ಇರುವ ಕತಲೂನ್ಯಾ ಪ್ರಾಂತದ ಹೊರಗೆ ಆತ ವಿನ್ಯಾಸಗೊಳಿಸಿದ ಮೂರೇ ಕಟ್ಟಡಗಳಲ್ಲಿ ಒಂದಾದ ಬಿಷಪ್ಪರ ಅರಮನೆ ಇಲ್ಲಿದೆ. ಎರಡನೆಯದಾದ ಕಾಸಾ ಬೋತಿನೆಸ್ ಹತ್ತಿರದ ಲಿಯೋನ್ ನಗರದಲ್ಲಿದೆ. ಆದರೆ ಅಸ್ತೋರ್ಗಾದ ನಿಜವಾದ ಸಂಪತ್ತು ಮರಗಾತೊ ಜನ. ಹೇಸರಗತ್ತೆಗಳ ಮೇಲೆ ದೇಶದ ವಾಯವ್ಯ ತುದಿಯ ಗಲೀಸಿಯಾ ಕರಾವಳಿಯ ಉಪ್ಪುಮೀನನ್ನು ಮ್ಯಾಡ್ರಿಡ್‌ಗೂ ಒಳನಾಡಿನ ಸರಕನ್ನು ಗಲೀಸಿಯಾಕ್ಕೂ ಸಾಗಿಸುತ್ತಿದ್ದ ಈ ವ್ಯಾಪಾರಿಗಳ ಊಟದ ಕ್ರಮವೇ ತಲೆಕೆಳಗು: ಮೊದಲು ಮಾಂಸದ ತುಂಡುಗಳು, ಆಮೇಲೆ ಕಡಲೆ ಮತ್ತು ಕೋಸು, ಕೊನೆಗೆ ಸೂಪು. ದಾರಿಯಲ್ಲಿ ಯಾವಾಗ ಏಳಬೇಕಾದೀತೋ, ಉಳಿದರೆ ಸೂಪೇ ಉಳಿಯಲಿ ಎಂಬುದು ಇದಕ್ಕೆ ಕೊಡುವ ವಿವರಣೆಗಳಲ್ಲಿ ಒಂದು. ಅವರೇ ಬಂದರುಗಳಿಂದ ಕೋಕೋ ತಂದದ್ದರಿಂದ, ಊರಿನ ಚಳಿಯೂ ಅನುಕೂಲವಾಗಿ, ಅಸ್ತೋರ್ಗಾ ಚಾಕೊಲೇಟ್ ಊರಾಯಿತು. ಅದಕ್ಕೊಂದು ವಸ್ತುಸಂಗ್ರಹಾಲಯವೂ ಇದೆ.

ಗಲೀಸಿಯಾದ ಲುಗೊಗೆ ಬಂದರೆ ಈ ಎಳೆಗಳೆಲ್ಲ ಒಂದೇ ಮರದ ತಟ್ಟೆಯಲ್ಲಿ ಸೇರುತ್ತವೆ. ತಾಮ್ರದ ಹಂಡೆಯಲ್ಲಿ ಬೇಯಿಸಿ ಕತ್ತರಿಯಿಂದ ತುಂಡರಿಸಿದ ಆಕ್ಟೋಪಸ್ ಮೇಲೆ ಹರಳುಪ್ಪು, ಆಲಿವ್ ಎಣ್ಣೆ, ಪಿಮೆಂಟೋನ್ ಹಾಕಿ ಕೊಡುವುದು ಗಲೀಸಿಯಾದ ಹೆಸರುವಾಸಿ ತಿನಿಸು. ಆಕ್ಟೋಪಸ್ ಕಡಲಿನದು, ಎಣ್ಣೆ ಮತ್ತು ಪುಡಿ ದೂರದ ದಕ್ಷಿಣದವು. ಇವನ್ನು ಒಟ್ಟುಗೂಡಿಸಿದ್ದು ಹೇಸರಗತ್ತೆಗಳ ವ್ಯಾಪಾರ. ಊರಿನ ಸುತ್ತ ಎರಡು ಕಿಲೋಮೀಟರಿಗೂ ಉದ್ದದ, ಎಲ್ಲೂ ತುಂಡಾಗದ ರೋಮನ್ ಕೋಟೆಗೋಡೆ ಇದೆ. 2000ದಲ್ಲಿ ವಿಶ್ವ ಪರಂಪರೆಯ ಮಾನ್ಯತೆ ಪಡೆದ ಆ ಗೋಡೆಯ ಮೇಲೆ ಊರಿನವರು ನಿತ್ಯ ವಾಯುಸೇವನೆಗೆ ಬರುತ್ತಾರೆ, ಪ್ರವೇಶಶುಲ್ಕವಿಲ್ಲ. ಒಳಗಿನ ಬೀದಿಗಳ ಬಾರುಗಳಲ್ಲಿ ಒಂದು ಪಾನೀಯ ಕೇಳಿದರೆ ಜೊತೆಗೆ ತಿನಿಸಿನ ಸಣ್ಣ ತಟ್ಟೆ ಉಚಿತವಾಗಿ ಬರುತ್ತದೆ.

ಸಸ್ಯಾಹಾರಿಗಳಿಗೆ ಈ ದಾರಿ ಸುಲಭವೆಂದು ಹೇಳಿದರೆ ಸುಳ್ಳಾಗುತ್ತದೆ. ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಹಂದಿಯ ಹ್ಯಾಮ್ ಚೂರುಗಳೋ ಟ್ಯೂನಾ ಮೀನೋ ಬಂದೀತು. ಎರಡನ್ನೂ ಹೆಸರಿಸಿ ಬೇಡವೆನ್ನಬೇಕು. ಕಡಲೆ, ಬೇಳೆಯ ಸಾರುಗಳಲ್ಲೂ ಮಾಂಸ ಬೆಂದಿರುತ್ತದೆ. ತರಕಾರಿಗಳನ್ನು ಎಣ್ಣೆಯಲ್ಲಿ ನಿಧಾನವಾಗಿ ಬೇಯಿಸಿದ ಪಿಸ್ತೊ, ಬೇಸಿಗೆಯಲ್ಲಿ ಗಲೀಸಿಯಾದ ಪಾದ್ರೋನ್ ಮೆಣಸಿನಕಾಯಿಯ ಹುರಿದ ತಟ್ಟೆ, ಅಣಬೆ, ವಸಂತದ ಕೊನೆಯಲ್ಲಿ ಪ್ಲಾಸೆನ್ಸಿಯಾ ಬಳಿಯ ಹೆರ್ತೆ ಕಣಿವೆಯ ಚೆರ್ರಿ ಹಣ್ಣು, ಇವುಗಳಿಂದ ಹೊಟ್ಟೆ ತುಂಬುತ್ತದೆ. ಮಾಂಸಾಹಾರಿಗಳಿಗೆ ವಾರದ ದಿನಗಳ ಮಧ್ಯಾಹ್ನದ ‘ಮೆನು ದೆಲ್ ದಿಯಾ’ ಸಾಕು: ಎರಡು ಬಗೆ, ಬ್ರೆಡ್ಡು, ಪಾನೀಯ, ಸಿಹಿ ಸೇರಿ ಇಂಥ ಊರುಗಳಲ್ಲಿ ಸುಮಾರು 12ರಿಂದ 16 ಯೂರೋ. ಮಧ್ಯಾಹ್ನದ ಊಟ ಒಂದೂವರೆಗೆ ಮೊದಲು, ರಾತ್ರಿಯದು ಎಂಟೂವರೆಗೆ ಮೊದಲು ಸಿಗುವುದು ಅಪರೂಪ ಎಂಬುದನ್ನು ಮಾತ್ರ ನೆನಪಿಡಬೇಕು.

ಪ್ರಯಾಣದ ತೊಡಕನ್ನೂ ಮುಚ್ಚಿಡಬಾರದು. ಪ್ಲಾಸೆನ್ಸಿಯಾ ಮತ್ತು ಅಸ್ತೋರ್ಗಾ ನಡುವೆ ಇದೇ ದಾರಿಗುಂಟ ಓಡುತ್ತಿದ್ದ ಪ್ರಯಾಣಿಕರ ರೈಲು 1985ರ ಆರಂಭಕ್ಕೆ ನಿಂತುಹೋಯಿತು. ಈಗ ಈ ಭಾಗದಲ್ಲಿ ಉತ್ತರ ದಕ್ಷಿಣವಾಗಿ ಸಾಗಲು ಬಸ್ಸೇ ಗತಿ. ಮ್ಯಾಡ್ರಿಡ್‌ನಿಂದ ಸಮೋರಾ ಮತ್ತು ಲಿಯೋನ್‌ಗೆ ವೇಗದ ರೈಲುಗಳಿವೆ, ಲಿಯೋನ್‌ನಿಂದ ಅಸ್ತೋರ್ಗಾಕ್ಕೂ ರೈಲಿದೆ. ಮೆರಿದಾ, ಕಾಸೆರೆಸ್‌ಗಳಲ್ಲಿ ಜುಲೈ, ಆಗಸ್ಟ್ ತಿಂಗಳ ಬಿಸಿಲು 40 ಡಿಗ್ರಿ ಮೀರುವುದುಂಟು. ಏಪ್ರಿಲ್, ಮೇ ಅಥವಾ ಅಕ್ಟೋಬರ್ ಹಿತ. ಪವಿತ್ರ ವಾರದಲ್ಲಿ ಸಮೋರಾಕ್ಕೆ ಹೋಗಬಯಸುವವರು ತಿಂಗಳುಗಳ ಮೊದಲೇ ಕೋಣೆ ಕಾದಿರಿಸಬೇಕು, ಸೋಮವಾರ ಹಲವು ವಸ್ತುಸಂಗ್ರಹಾಲಯಗಳಿಗೆ ರಜೆ. ವೀಸಾಕ್ಕೆ ಅರ್ಜಿ ಹಾಕುವವರಿಗೆ ನೆರವಾಗುವಂತೆ ಇಂಥ ವಿವರಗಳುಳ್ಳ ಲೇಖನಮಾಲೆಯೊಂದನ್ನು ಫೆಬ್ರುವರಿಯ ಒಳಗೆ ಪ್ರಕಟಿಸಬೇಕೆಂದು ಪತ್ರಿಕೆಯನ್ನು ಕೋರುತ್ತೇನೆ.

ಇತಿ,
ನಿಮ್ಮ ಓದುಗ