ರಾಣಿ ಬಾರದ ಮನೆ

ಪ್ರಿಯ ಸದಸ್ಯರೇ,

ಹೋದ ತಿಂಗಳು ಒಂದು ಶನಿವಾರ ಮನೆಯವರೆಲ್ಲ ಸೇರಿ ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರಿನ ಕಿರ್ಬಿ ಹಾಲ್ ಎಂಬ ಹಳೆಯ ದೊಡ್ಡ ಮನೆಗೆ ಹೋಗಿದ್ದೆವು. ಕಾರ್ಬಿ ಊರಿನ ಹತ್ತಿರ, ಹೊಲಗಳ ನಡುವೆ ಇದೆ. ಒಂದು ಗಂಟೆ ನೋಡಿ ಬರೋಣ ಅಂತ ಹೋದವರು ಬಾಗಿಲು ಹಾಕುವ ಹೊತ್ತಿಗೆ ಹೊರಬಂದೆವು. ಈ ಸಂಚಿಕೆಗೆ ಬೇರೆ ವಿಷಯ ಇಟ್ಟುಕೊಂಡಿದ್ದೆ. ಆದರೆ ಆ ಮನೆ ತಲೆಯಿಂದ ಹೋಗುತ್ತಲೇ ಇಲ್ಲ.

ಅರ್ಧ ಮನೆಗೆ ಸೂರಿದೆ, ಅರ್ಧಕ್ಕೆ ಇಲ್ಲ. ಹೆಬ್ಬಾಗಿಲು ದಾಟಿದರೆ ದೊಡ್ಡ ಅಂಗಳ, ಸುತ್ತ ನಾಲ್ಕೂ ಕಡೆ ಕಟ್ಟಡ. ನಮ್ಮ ತೊಟ್ಟಿ ಮನೆ ಕಂಡವರಿಗೆ ಈ ಲೆಕ್ಕ ತಕ್ಷಣ ತಿಳಿಯುತ್ತದೆ. ಎದುರಿಗೆ ದೊಡ್ಡ ಹಜಾರ, ಅದರ ಬಲಕ್ಕೆ ರಾಜೋಪಚಾರದ ಕೋಣೆಗಳು. ಇವು ಇನ್ನೂ ಸೂರಿನ ಕೆಳಗಿವೆ. ಎಡಬಲದ ಸಾಲುಗಳಲ್ಲಿ ಅತಿಥಿಗಳ ಕೋಣೆಗಳಿದ್ದವು. ಅಲ್ಲಿ ಈಗ ಗೋಡೆ ಮಾತ್ರ, ಮೇಲೆ ಆಕಾಶ.

1570ರಲ್ಲಿ ಸರ್ ಹಂಫ್ರಿ ಸ್ಟಾಫರ್ಡ್ ಈ ಮನೆ ಶುರುಮಾಡಿದ. ಮುಗಿಯುವ ಮೊದಲೇ, 1575ರಲ್ಲಿ, ತೀರಿಕೊಂಡ. ಆಗ ಇದನ್ನು ಕೊಂಡವನು ಸರ್ ಕ್ರಿಸ್ಟೋಫರ್ ಹ್ಯಾಟನ್. ಒಂದನೇ ಎಲಿಜಬೆತ್ ರಾಣಿಗೆ ಬಹಳ ಬೇಕಾದವನು, ಮುಂದೆ ಲಾರ್ಡ್ ಚಾನ್ಸಲರ್ ಎಂಬ ರಾಜ್ಯದ ದೊಡ್ಡ ಹುದ್ದೆಗೆ ಏರಿದವನು. ಲಂಡನ್ನಿನಲ್ಲಿ ಒಡವೆ ಅಂಗಡಿಗಳ ಹ್ಯಾಟನ್ ಗಾರ್ಡನ್ ಇದೆಯಲ್ಲ, ಅದು ಇವನ ಹೆಸರಿನದೇ. ಕಡಲಯಾನಿ ಫ್ರಾನ್ಸಿಸ್ ಡ್ರೇಕ್ ತನ್ನ ಹಡಗಿಗೆ 'ಗೋಲ್ಡನ್ ಹೈಂಡ್' ಅಂತ ಹೆಸರಿಟ್ಟದ್ದೂ ಇವನ ಲಾಂಛನದ ಹೊನ್ನಿನ ಜಿಂಕೆಯಿಂದ.

ರಾಣಿ ಬೇಸಿಗೆಯಲ್ಲಿ ಇಡೀ ದರ್ಬಾರಿನ ಜೊತೆ ನಾಡು ಸುತ್ತುತ್ತಿದ್ದಳು. ದಾರಿಯಲ್ಲಿ ದೊಡ್ಡವರ ಮನೆಗಳಲ್ಲಿ ತಂಗುತ್ತಿದ್ದಳು. ಹಾಗೆ ಒಂದು ದಿನ ಇಲ್ಲಿಗೂ ಬಂದಾಳು ಎಂಬುದು ಹ್ಯಾಟನ್‌ನ ಆಸೆ. ಇದೇ ಸೀಮೆಯಲ್ಲಿ ಹೋಲ್ಡನ್‌ಬಿ ಎಂಬ ಇನ್ನೂ ದೊಡ್ಡ ಮನೆಯನ್ನೂ ಅವಳಿಗಾಗಿಯೇ ಕಟ್ಟಿಸಿದ. ಆದರೆ ಕಿರ್ಬಿಗೆ ಅವಳು ಬರಲೇ ಇಲ್ಲ. ಹ್ಯಾಟನ್ ಮದುವೆಯಾಗಲಿಲ್ಲ. 1591ರಲ್ಲಿ ಸತ್ತಾಗ ರಾಣಿಯ ಬೊಕ್ಕಸಕ್ಕೇ 40 ಸಾವಿರ ಪೌಂಡಿಗೂ ಜಾಸ್ತಿ ಸಾಲ ಉಳಿಸಿದ್ದ. ಆ ಕಾಲದ 40 ಸಾವಿರ! ಇದನ್ನು ತಿಳಿದುಕೊಂಡು ಆ ಕೋಣೆಗಳಲ್ಲಿ ನಡೆದಾಗ ಸಂಕಟವಾಗುತ್ತದೆ. ನಾಲ್ಕು ಜನ ನೆಂಟರು ಬರುತ್ತಾರೆ ಅಂದರೆ ನಾವು ಮನೆಯನ್ನು ಹೇಗೆ ಅಣಿಮಾಡುತ್ತೇವೆ, ಯಾರಾದರೂ ಕೊನೆಗಳಿಗೆಯಲ್ಲಿ ಬರುವುದಿಲ್ಲ ಅಂದರೆ ಹೇಗಾಗುತ್ತದೆ, ಅಲ್ವಾ?

ಈ ಉಪಚಾರದ ಆಸೆ ಕಲ್ಲಿನಲ್ಲೇ ಕಾಣುತ್ತದೆ. ಅಂಗಳದಲ್ಲಿ ನಿಂತು ಗೋಡೆ ನೋಡಿ. ನೆಲದಿಂದ ಹೊರಟ, ಗೋಡೆಗೆ ಅಂಟಿದ ಅರೆಗಂಬಗಳು ಮೊದಲ ಅಂತಸ್ತಿನಲ್ಲಿ ನಿಲ್ಲದೆ ಎರಡೂ ಅಂತಸ್ತು ದಾಟಿ ಮೇಲೆ ಹೋಗುತ್ತವೆ. ಇದು ಫ್ರಾನ್ಸಿನಿಂದ ಬಂದ ರೂಢಿ. ಇಂಗ್ಲೆಂಡಿನಲ್ಲಿ ಇಂಥದ್ದನ್ನು ಮೊದಮೊದಲು ಮಾಡಿದ ಮನೆಗಳಲ್ಲಿ ಇದೂ ಒಂದು. ನೋಡಿದವರಿಗೆ ಕಟ್ಟಡ ಒಮ್ಮೆಲೇ ಎದ್ದು ನಿಂತ ಹಾಗೆ ಅನಿಸುತ್ತದೆ.

ನನಗೆ ಅತಿ ಇಷ್ಟವಾದದ್ದು ಕಿಟಕಿಗಳು. ಮುಖಮಂಟಪದ ಬಲಕ್ಕೆ ಹಜಾರದ ಎತ್ತರದ ಕಿಟಕಿಗಳಿವೆ. ಹಜಾರ ನಿಜಕ್ಕೂ ಅಷ್ಟು ಎತ್ತರ, ಹಾಗಾಗಿ ಅವು ಸರಿ. ಎಡಕ್ಕೂ ಅಂಥವೇ ಕಿಟಕಿಗಳು. ಆದರೆ ಆ ಕಡೆ ಇದ್ದದ್ದು ಉಗ್ರಾಣ, ಪಾನೀಯದ ಕೋಣೆ, ಅದರ ಮೇಲೆ ಇನ್ನೊಂದು ಅಂತಸ್ತು. ಒಳಗೆ ಏನಿದ್ದರೇನು, ಹೊರಗೆ ಎರಡೂ ಕಡೆ ಒಂದೇ ಥರ ಕಾಣಬೇಕು! ಅದಕ್ಕೂ ಹಿಂದಿನ ಕಾಲದ ಇಂಗ್ಲಿಷ್ ಮನೆಗಳಲ್ಲಿ ಹೀಗಿರಲಿಲ್ಲ. ಹಜಾರಕ್ಕೆ ದೊಡ್ಡ ಕಿಟಕಿ, ಉಗ್ರಾಣಕ್ಕೆ ಸಣ್ಣ ಕಿಟಕಿ. ಹೊರಗಿಂದಲೇ ಒಳಗಿನ ಬದುಕು ತಿಳಿಯುತ್ತಿತ್ತು. ಕಿರ್ಬಿಯಲ್ಲಿ ಆ ಹಳೆಯ ನಕ್ಷೆ ಹಾಗೇ ಉಳಿದು, ಮೇಲೆ ಹೊಸ ಸಮತೂಕದ ಮುಖ ಬಂದಿದೆ. ಎರಡು ಕಾಲ ಒಂದೇ ಗೋಡೆಯ ಒಳಗೂ ಹೊರಗೂ ಇವೆ.

ಹಿಂದುಗಡೆ ತೋಟದ ಕಡೆಗೆ ಮುಖ ಮಾಡಿ ಎರಡು ದೊಡ್ಡ ಅರೆದುಂಡು ಕಿಟಕಿಗಳಿವೆ. ನೆಲದಿಂದ ಮೇಲಿನವರೆಗೆ ಗಾಜು, ನಡುವೆ ಕಲ್ಲಿನ ಪಟ್ಟಿಗಳು. ಗಾಜು ಆಗ ಬಹಳ ದುಬಾರಿ. ಅಷ್ಟು ಗಾಜು ಹಾಕಿಸಿದ್ದು ಬೆಳಕಿಗೆ ಮಾತ್ರ ಅಲ್ಲ, ಬಂದವರು ನೋಡಲಿ ಎಂದೂ ಹೌದು. ನಾವು ಹೋದಾಗ ಸಂಜೆ ಬಿಸಿಲು ಅಲ್ಲಿಂದ ಒಳಗೆ ಬಿದ್ದಿತ್ತು. ಒಳಗೆ ಒಂದು ಕುರ್ಚಿಯೂ ಇಲ್ಲ. ಆದರೂ ಕೋಣೆ ಖಾಲಿ ಅನಿಸಲಿಲ್ಲ.

ಕಲ್ಲಿನ ಬಗ್ಗೆ ಒಂದು ಮಾತು. ಕೆಲವೇ ಮೈಲಿ ದೂರದ ವೆಲ್ಡನ್ ಗಣಿಯ ಸುಣ್ಣಗಲ್ಲು ಇದು, ಕೆನೆ ಬಣ್ಣದ್ದು. ಕೇಂಬ್ರಿಜಿನ ಕಿಂಗ್ಸ್ ಕಾಲೇಜು ಚಾಪೆಲ್‌ಗೂ ಈ ಕಲ್ಲು ಹೋಗಿದೆ. ಯಾವ ದಿಕ್ಕಿಗೆ ಬೇಕಾದರೂ ಕೆತ್ತಬಹುದು, ಹಿಮಕ್ಕೂ ಜಗ್ಗುವುದಿಲ್ಲ. ಸೂರು ಹೋಗಿ ಇಷ್ಟು ಕಾಲವಾದರೂ ಕೆತ್ತನೆಯ ಅಂಚು ಇನ್ನೂ ಚೂಪಾಗಿರುವುದು ಅದರಿಂದಲೇ.

1638ರ ಸುಮಾರಿಗೆ ಹೆಬ್ಬಾಗಿಲ ಕಡೆಯ ಸಾಲನ್ನು ಹೊಸ ರುಚಿಗೆ ಬದಲಿಸಿದರು. ನಿಕೋಲಸ್ ಸ್ಟೋನ್ ಎಂಬ ಹೆಸರಾಂತ ಕಲ್ಲುಕುಟಿಗನ ಕೈ ಅಲ್ಲಿದೆ ಎನ್ನುತ್ತಾರೆ. ಮುಂದೆ ಹ್ಯಾಟನ್ ಮನೆತನದವರು ತೋಟ ಬೆಳೆಸಿದರು. ಮೊದಲಿದ್ದ ಕಿರ್ಬಿ ಎಂಬ ಹಳ್ಳಿ ಆ ತೋಟದ ಕೆಳಗೇ ಹೋಯಿತು. ಮನೆಯ ಅಂದ ಹೊಗಳುವಾಗ ಆ ಹಳ್ಳಿಯ ಜನರನ್ನೂ ನೆನೆಯಬೇಕು. ಆಮೇಲೆ ಒಡೆಯರು ಬೇರೆ ಕಡೆ ಇರತೊಡಗಿದರು. 19ನೇ ಶತಮಾನದ ಹೊತ್ತಿಗೆ ಸೂರು ಕುಸಿಯುತ್ತಿತ್ತು, ಕೆಲವು ಕೋಣೆಗಳಲ್ಲಿ ಕೃಷಿ ಕೆಲಸದವರು ಇದ್ದರು. 1930ರಲ್ಲಿ ಸರ್ಕಾರ ನೋಡಿಕೊಳ್ಳಲು ತೆಗೆದುಕೊಂಡಿತು. ಈಗ ಹಳೆಯ ಕಟ್ಟಡಗಳನ್ನು ನೋಡಿಕೊಳ್ಳುವ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯ ಕೈಯಲ್ಲಿದೆ.

ಸೂರು ಹೋದರೆ ಗೋಡೆ ಯಾಕೆ ಬೀಳುತ್ತದೆ? ಮಳೆ ನೀರು ಗೋಡೆಯ ನೆತ್ತಿಯಿಂದ ಒಳಗಿಳಿಯುತ್ತದೆ. ಚಳಿಗೆ ಹೆಪ್ಪುಗಟ್ಟಿ ಹಿಗ್ಗುತ್ತದೆ, ಕಲ್ಲು ಬಿಡಿಸುತ್ತದೆ. ಅದಕ್ಕೆ ಇಂಥ ಕಡೆ ಗೋಡೆಯ ನೆತ್ತಿ ಮುಚ್ಚುತ್ತಾರೆ, ಸಂದುಗಳಿಗೆ ಸುಣ್ಣದ ಗಾರೆ ತುಂಬುತ್ತಾರೆ. ಸಿಮೆಂಟು ಬಳಸಿದರೆ ತೇವ ಒಳಗೇ ಉಳಿಯುತ್ತದೆ. ನಾವು ಇದನ್ನು ಕಷ್ಟಪಟ್ಟು ಕಲಿತೆವು. ನಮ್ಮದು ವಿಕ್ಟೋರಿಯಾ ಕಾಲದ ಇಟ್ಟಿಗೆ ಮನೆ. ಒಬ್ಬ ಬಿಲ್ಡರ್ ಹೊರಗೋಡೆಯ ಸಂದಿಗೆಲ್ಲ ಸಿಮೆಂಟು ತುಂಬಿ ಹೋದ. ಎರಡೇ ಚಳಿಗಾಲಕ್ಕೆ ಮಕ್ಕಳ ಕೋಣೆ ಬೂಷ್ಟು ಹಿಡಿಯಿತು. ನಿಮ್ಮಲ್ಲೂ ಅನೇಕರು ಹಳೆಯ ಮನೆ ಕೊಂಡಿದ್ದೀರಿ. ಕೆಲಸಕ್ಕೆ ಕರೆಯುವ ಮೊದಲು ಸುಣ್ಣದ ಗಾರೆ ಗೊತ್ತಿದೆಯಾ ಅಂತ ಕೇಳಿ.

ಬರುವ ಬೇಸಿಗೆಗೆ ನಮ್ಮ ಕೂಟದಿಂದ ಕಿರ್ಬಿಗೆ ಹೋಗೋಣ ಎಂದು ನನ್ನ ಆಸೆ. ಬುತ್ತಿ ಕಟ್ಟಿಕೊಂಡು ಹೋಗೋಣ, ಹುಲ್ಲಿನ ಮೇಲೆ ಕೂತು ಊಟ ಮಾಡೋಣ. ಮಕ್ಕಳನ್ನು ಸೂರಿಲ್ಲದ ಸಾಲಿಗೆ ಕರೆದುಕೊಂಡು ಹೋಗಿ ತಲೆ ಎತ್ತಿ ನೋಡಿ ಅಂತ ಹೇಳಿ. ನಮ್ಮ ಮಗಳು ಮೊದಲು ಕಂಡುಹಿಡಿದದ್ದು ಅದನ್ನೇ. ಮೇಲಿನ ಅಂತಸ್ತಿನ ನೆಲ ಇಲ್ಲ, ಗೋಡೆಯ ಅರ್ಧದಲ್ಲಿ ಫೈರ್‌ಪ್ಲೇಸ್ ಮಾತ್ರ ಉಳಿದಿದೆ. 'ಅಲ್ಲಿ ಯಾರು ಚಳಿ ಕಾಯಿಸ್ತಿದ್ರು ಅಪ್ಪಾ?' ಅಂತ ಕೇಳಿದಳು.